ನಾಯಿಯ ಮೈ ತುರಿಕೆ: ಎಣ್ಣೆ ಹಚ್ಚುವ ಮುನ್ನ

ಬಿಪಿ, ಶುಗರ್ ನೋಡಿಸಿಕೊಳ್ಳಲು ಸಾಲಿನಲ್ಲಿ ನಿಂತವರ ಕೈಗೆ ನಾಯಿಯ ಚರ್ಮದ ಬಗ್ಗೆ ಕರಪತ್ರ ಏಕೆ ಎಂದು ನಿಮಗೆ ಅನ್ನಿಸಬಹುದು. ಸಮಾಜದ ಹಲವು ಮನೆಗಳಲ್ಲಿ ಈಗ ನಾಯಿ ಇದೆ, ಅದೊಂದು ಕಾರಣ. ಇನ್ನೊಂದು, ನಾಯಿಯ ಕೆಲವು ತುರಿಕೆಗಳು ಮನೆಯವರಿಗೂ ಬರುತ್ತವೆ. ಹಾಗಾಗಿ ನಾಯಿ ಸಾಕದವರೂ ಒಮ್ಮೆ ಕಣ್ಣಾಡಿಸಿ; ನೆರೆಮನೆಯವರಿಗಾದರೂ ಉಪಯೋಗಕ್ಕೆ ಬಂದೀತು.

ಮಿಡ್‌ವೆಸ್ಟ್‌ನ ಚಳಿಗಾಲದಲ್ಲಿ ಮನೆಯ ಹೀಟರ್ ಹಗಲೂ ರಾತ್ರಿ ಓಡುತ್ತಿರುತ್ತದೆ. ಒಳಗಿನ ಗಾಳಿ ಒಣಗಿ ನಮ್ಮ ಹಿಮ್ಮಡಿ ಒಡೆಯುವ ಹೊತ್ತಿಗೆ ನಾಯಿಯ ಬೆನ್ನ ಮೇಲೂ ಬಿಳಿ ಹೊಟ್ಟು ಕಾಣಿಸಿಕೊಳ್ಳುತ್ತದೆ. ಅದನ್ನು ನೋಡಿದ ಕೂಡಲೇ ಊರಿನಿಂದ ಬಂದ ಹಿರಿಯರು ಹೇಳುವ ಮಾತು, "ಮೈ ಒಣಗಿದೆ, ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ." ಕೆಲವೊಮ್ಮೆ ಅವರ ಊಹೆ ಸರಿಯೇ. ಆದರೆ ಬರೀ ಒಣಚರ್ಮದ ತುರಿಕೆ ಸೌಮ್ಯವಾದದ್ದು. ಹೊಟ್ಟು ಇರುತ್ತದೆ, ಆದರೆ ಚರ್ಮ ಕೆಂಪಾಗಿರುವುದಿಲ್ಲ, ಕೂದಲು ಉದುರಿರುವುದಿಲ್ಲ, ವಾಸನೆ ಇರುವುದಿಲ್ಲ, ನಾಯಿ ರಾತ್ರಿ ನೆಮ್ಮದಿಯಾಗಿ ಮಲಗುತ್ತದೆ. ಅದು ನಿದ್ದೆಯಿಂದ ಎದ್ದೆದ್ದು ಕೆರೆದುಕೊಳ್ಳುತ್ತಿದ್ದರೆ ಅಥವಾ ಪಾದ ನೆಕ್ಕುವುದನ್ನೇ ಉದ್ಯೋಗ ಮಾಡಿಕೊಂಡಿದ್ದರೆ, ಕಾರಣ ಬೇರೆ ಇದೆ ಎಂದು ತಿಳಿಯಿರಿ.

ಮೊದಲು ಮಾಡಬೇಕಾದ್ದು ಖರ್ಚಿಲ್ಲದ ಒಂದು ಪರೀಕ್ಷೆ. ಒದ್ದೆ ಮಾಡಿದ ಬಿಳಿ ಪೇಪರ್ ಟವೆಲ್ ಮೇಲೆ ನಾಯಿಯನ್ನು ನಿಲ್ಲಿಸಿ, ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡದ ಕೂದಲನ್ನು ಬಾಚಿ. ಕಪ್ಪು ಚುಕ್ಕೆಗಳು ಬಿದ್ದು, ಒದ್ದೆ ಕಾಗದದಲ್ಲಿ ಕಂದುಗೆಂಪಾಗಿ ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ನಾಯಿಯ ರಕ್ತವೇ ಜೀರ್ಣವಾಗಿ ಬಂದದ್ದು. "ಹೊರಗೆ ಹಿಮ ಬಿದ್ದಿದೆ, ಈಗೆಲ್ಲಿಯ ಚಿಗಟ" ಎನ್ನಬೇಡಿ. ಬೆಚ್ಚಗಿನ ಮನೆಯ ಕಾರ್ಪೆಟ್‌ನಲ್ಲಿ ಅವು ಚಳಿಗಾಲವಿಡೀ ಬದುಕುತ್ತವೆ. ಚಿಗಟದ ಎಂಜಲಿಗೆ ಅಲರ್ಜಿ ಇರುವ ನಾಯಿಗೆ ಒಂದೆರಡು ಕಡಿತವೇ ದಿನಗಟ್ಟಲೆ ತುರಿಕೆ ತರುತ್ತದೆ. ಆದ್ದರಿಂದ ಬಾಚಿದಾಗ ಏನೂ ಸಿಗಲಿಲ್ಲ ಎಂದರೆ ಚಿಗಟ ಇಲ್ಲವೆಂದು ಅರ್ಥವಲ್ಲ. ಚಿಗಟದ ಔಷಧಿಯನ್ನು ವರ್ಷಪೂರ್ತಿ ಕೊಡುವುದೇ ಸರಿ. ಆ ಮಾತ್ರೆಗಳಲ್ಲಿ ಒಂದು ಗುಂಪಿನ ಬಗ್ಗೆ ಎಫ್‌ಡಿಎ 2018ರಲ್ಲಿ ಎಚ್ಚರಿಕೆ ಕೊಟ್ಟಿದೆ: ಕೆಲವು ನಾಯಿಗಳಿಗೆ ಅವುಗಳಿಂದ ಫಿಟ್ಸ್ ಬರಬಹುದು. ನಿಮ್ಮ ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮನೆಯಲ್ಲಿ ಬೆಕ್ಕೂ ಇದ್ದರೆ ಇನ್ನೊಂದು ಎಚ್ಚರಿಕೆ: ಪರ್ಮೆತ್ರಿನ್ ಇರುವ ನಾಯಿಯ ಔಷಧಿ ಬೆಕ್ಕಿನ ಪ್ರಾಣಕ್ಕೇ ಅಪಾಯ.

ತುರಿಕೆ ಎಲ್ಲಿದೆ ಎಂಬುದೂ ಬಹಳ ಹೇಳುತ್ತದೆ. ಸೊಂಟ ಮತ್ತು ಬಾಲದ ಬುಡವಾದರೆ ಚಿಗಟದ ಮೇಲೆ ಸಂಶಯ. ಪಾದ, ಕಂಕುಳು, ಹೊಟ್ಟೆ, ಕಿವಿಗಳಾದರೆ ಹೂಪುಡಿ, ಮನೆಧೂಳಿನ ನುಸಿ ಅಥವಾ ಆಹಾರದ ಅಲರ್ಜಿ ಇರಬಹುದು. ಕಿವಿಯ ಅಂಚು, ಮೊಣಕೈ, ಹಿಮ್ಮಡಿಯಲ್ಲಿ ತೀವ್ರ ತುರಿಕೆ ಇದ್ದರೆ ಕಜ್ಜಿಯ ನುಸಿ ಹೊಕ್ಕಿರಬಹುದು.

ಮನೆಯವರಿಗೂ ಬರುವುದು ಈ ಕಜ್ಜಿಯೇ. ನಾಯಿಯ ಕಜ್ಜಿ ನುಸಿ ಮನುಷ್ಯರ ಮೈಯಲ್ಲಿ ಸಂತಾನ ಬೆಳೆಸಲಾರದು, ಆದರೂ ನಾಯಿಯನ್ನು ಅಪ್ಪಿಕೊಂಡವರ ತೋಳು, ಎದೆ, ಹೊಟ್ಟೆಯ ಮೇಲೆ ತುರಿಸುವ ಕೆಂಪು ಗುಳ್ಳೆಗಳನ್ನು ಎಬ್ಬಿಸುತ್ತದೆ. ಇನ್ನೊಂದು ಜಾತಿಯ ನುಸಿ ನೋಡಲು ಥೇಟ್ ಹೊಟ್ಟಿನಂತೆಯೇ. ದಿಟ್ಟಿಸಿ ನೋಡಿದರೆ ಹೊಟ್ಟು ನಡೆದಾಡುತ್ತಿರುತ್ತದೆ! ಅದೂ ನಮ್ಮನ್ನು ಕಚ್ಚುತ್ತದೆ. ಹುಳುಕಡ್ಡಿ ಬಂದ ನಾಯಿಗೆ ದುಂಡಗೆ ಕೂದಲು ಉದುರುತ್ತದೆ, ಕೆಲವೊಮ್ಮೆ ತುರಿಕೆಯೇ ಇರುವುದಿಲ್ಲ. ಅದು ಮಕ್ಕಳಿಗೆ ಸುಲಭವಾಗಿ ಅಂಟುತ್ತದೆ. ಕೀಮೋ ತೆಗೆದುಕೊಳ್ಳುತ್ತಿರುವವರು, ಸ್ಟೆರಾಯ್ಡ್ ಮೇಲಿರುವವರು ಮನೆಯಲ್ಲಿದ್ದರೆ ನಾಯಿಯ ತುರಿಕೆಯನ್ನು ವಾರಗಟ್ಟಲೆ ಮುಂದೂಡಬೇಡಿ.

ಇನ್ನು ನಮ್ಮ ಮನೆಮದ್ದು. ಕೊಬ್ಬರಿ ಎಣ್ಣೆ ವಿಷವೇನಲ್ಲ, ಆದರೆ ಹಚ್ಚಿದ್ದನ್ನೆಲ್ಲ ನಾಯಿ ನೆಕ್ಕುತ್ತದೆ, ಬೇಧಿಯಾಗುತ್ತದೆ. ಜಿಡ್ಡು ವಾಸನೆ ಬರುವ, ಕಪ್ಪಿಟ್ಟು ದಪ್ಪಗಾದ ಚರ್ಮದಲ್ಲಿ ಹೆಚ್ಚಾಗಿ ಯೀಸ್ಟ್ ಬೆಳೆದಿರುತ್ತದೆ. ಆ ಯೀಸ್ಟ್‌ಗೆ ಕೊಬ್ಬಿನಂಶವೇ ಆಹಾರ, ಅಲ್ಲಿಗೆ ಎಣ್ಣೆ ಹಚ್ಚುವುದು ಸಲ್ಲ. ಎಣ್ಣೆಗೆ ಕರ್ಪೂರ ಬೆರೆಸಿ ಹಚ್ಚುವ ಪದ್ಧತಿಯನ್ನಂತೂ ನಾಯಿಯ ಮಟ್ಟಿಗೆ ಪೂರ್ತಿ ಮರೆತುಬಿಡಿ. ಕರ್ಪೂರ ಚರ್ಮದ ಮೂಲಕವೂ ಒಳಹೋಗುತ್ತದೆ, ನೆಕ್ಕಿದರೆ ಇನ್ನೂ ಕೆಟ್ಟದ್ದು, ನಾಯಿಗೆ ಫಿಟ್ಸ್ ಬರಬಹುದು. ಇಲ್ಲಿನ ಅಂಗಡಿಗಳಲ್ಲಿ ಸಿಗುವ ಟೀ ಟ್ರೀ ಎಣ್ಣೆಯೂ ನಾಯಿಗೆ ವಿಷ. ಕ್ಯಾಲಮೈನ್ ಲೋಷನ್‌ನಲ್ಲಿ, ಡೈಪರ್ ರ‍್ಯಾಶ್ ಕ್ರೀಮ್‌ನಲ್ಲಿ ಸತುವಿನ ಅಂಶ ಇರುತ್ತದೆ, ನೆಕ್ಕಿದರೆ ಅಪಾಯ. ಅರಿಶಿನ ಬಳಿದರೆ ವೈದ್ಯರಿಗೆ ಚರ್ಮದ ಕೆಂಪೇ ಕಾಣದು. ಊರಿನಿಂದ ಸೂಟ್‌ಕೇಸಿನಲ್ಲಿ ಬರುವ ತುರಿಕೆ ಮುಲಾಮುಗಳಲ್ಲಿ ಹಲವಕ್ಕೆ ಸ್ಟೆರಾಯ್ಡ್ ಸೇರಿರುತ್ತದೆ. ಅದು ಹುಳುಕಡ್ಡಿಯನ್ನು ಮರೆಮಾಚಿ ಹರಡಲು ಬಿಡುತ್ತದೆ. ನಮ್ಮ ನೋವಿನ ಮಾತ್ರೆ, ಅಂದರೆ ಐಬುಪ್ರೊಫೆನ್ ಅಥವಾ ಪ್ಯಾರಾಸಿಟಮಾಲ್, ಯಾವುದನ್ನೂ ಕೊಡಬೇಡಿ. ಇಂಥದ್ದೇನಾದರೂ ಹೊಟ್ಟೆಗೆ ಹೋಗಿದ್ದರೆ ವಾಂತಿಗಾಗಿ ಕಾಯದೆ ಕೂಡಲೇ ಫೋನ್ ಮಾಡಿ. ನಿಮ್ಮ ವೈದ್ಯರು ಸಿಗದಿದ್ದರೆ ಎಎಸ್‌ಪಿಸಿಎಯ ಪ್ರಾಣಿ ವಿಷ ಸಹಾಯವಾಣಿ ದಿನದ 24 ಗಂಟೆಯೂ ತೆರೆದಿರುತ್ತದೆ. ಅದಕ್ಕೆ ಶುಲ್ಕವಿದೆ.

ಒಣಚರ್ಮವೇ ಎಂದು ಖಚಿತವಾದರೆ ಮನೆಯಲ್ಲೇ ಆರಾಮ ಕೊಡಬಹುದು. ಸ್ನಾನದ ನೀರು ಉಗುರುಬೆಚ್ಚಗಿರಲಿ. ನಮ್ಮ ಅಭ್ಯಂಜನದ ಬಿಸಿನೀರು ಬೇಡ. ನಮ್ಮ ಶಾಂಪೂವೂ ಬೇಡ. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು, ನಮ್ಮದರಷ್ಟು ಆಮ್ಲೀಯವೂ ಅಲ್ಲ. ಓಟ್ಸ್ ಇರುವ ನಾಯಿಯ ಶಾಂಪೂ ಹಚ್ಚಿ, ಗಡಿಯಾರ ನೋಡಿಕೊಂಡು 10 ನಿಮಿಷ ಬಿಡಿ. ನಂತರ ನೊರೆ ಪೂರ್ತಿ ಹೋಗುವವರೆಗೆ ತೊಳೆಯಿರಿ, ಉಳಿದ ಶಾಂಪೂವೇ ತುರಿಸುತ್ತದೆ. ಬಿಸಿ ಡ್ರೈಯರ್ ಬದಲು ಟವೆಲ್‌ನಿಂದ ಒತ್ತಿ ಒರೆಸಿ. ಇಂಥ ಸ್ನಾನ ಮೂರು-ನಾಲ್ಕು ವಾರಕ್ಕೊಮ್ಮೆ ಸಾಕು. ನಾಯಿ ಮಲಗುವ ಕೋಣೆಯಲ್ಲಿ ಹ್ಯುಮಿಡಿಫೈಯರ್ ಇಟ್ಟು ತೇವಾಂಶ ಶೇ. 40ರಿಂದ 50ರಷ್ಟು ಇರುವಂತೆ ನೋಡಿಕೊಳ್ಳಿ. ವಾಕಿಂಗ್‌ನಿಂದ ಬಂದ ಮೇಲೆ ಪಾದಗಳನ್ನು ಬೆರಳ ಸಂದಿಯ ಸಮೇತ ತೊಳೆದು ಒರೆಸಿ. ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು ಅಲ್ಲಿ ಸಿಕ್ಕಿಕೊಂಡು ಉರಿಸುತ್ತದೆ. ಮೀನೆಣ್ಣೆಯ ಒಮೇಗಾ-3 ಒಳ್ಳೆಯದು, ಆದರೆ ಪರಿಣಾಮ ಕಾಣಲು ಎರಡು ತಿಂಗಳಾದರೂ ಬೇಕು. ಪ್ರಮಾಣವನ್ನು ನಾಯಿಯ ತೂಕ ಹೇಳಿ ಕೇಳಿಕೊಳ್ಳಿ. ಮೀನು ಬೇಡವೆನ್ನುವ ಮನೆಗಳಿಗೆ ಪಾಚಿಯಿಂದ ತೆಗೆದ ಎಣ್ಣೆ ಸಿಗುತ್ತದೆ. ಅಗಸೆ ಎಣ್ಣೆ ಅದಕ್ಕೆ ಸಾಟಿಯಲ್ಲ.

ಆಹಾರದ ವಿಷಯ ನಮ್ಮ ಮನೆಗಳಲ್ಲಿ ಸ್ವಲ್ಪ ನಾಜೂಕಿನದು. ಮೊಸರನ್ನ, ಚಪಾತಿ ತಿಂದೇ ಬೆಳೆದ ನಾಯಿಗಳನ್ನು ನಾವೆಲ್ಲ ಊರಲ್ಲಿ ನೋಡಿದ್ದೇವೆ. ಆದರೆ ಬರೀ ಧಾನ್ಯ ತಿನ್ನುವ ಮರಿಗಳಿಗೆ ಸತು ಸಾಲದೆ ಚರ್ಮ ಹಕ್ಕಳೆಗಟ್ಟುವುದುಂಟು. ನಾಯಿಗಳ ಆಹಾರ ಅಲರ್ಜಿಗೆ ಹೆಚ್ಚಾಗಿ ಕಾರಣವಾಗುವ ಪದಾರ್ಥಗಳ ಪಟ್ಟಿಯಲ್ಲಿ ದನದ ಮಾಂಸ, ಕೋಳಿಯ ಜೊತೆ ಹಾಲಿನ ಪದಾರ್ಥ ಮತ್ತು ಗೋಧಿಯೂ ಇವೆ. ಸಸ್ಯಾಹಾರವೇ ಕೊಡುವುದಿದ್ದರೆ ನಾಯಿಗೆಂದೇ ಪೋಷಕಾಂಶ ಲೆಕ್ಕ ಹಾಕಿ ತಯಾರಿಸಿದ್ದನ್ನು ವೈದ್ಯರನ್ನು ಕೇಳಿ ಕೊಡಿ. ಅಲರ್ಜಿ ಪತ್ತೆಗೆ ರಕ್ತ, ಕೂದಲು, ಎಂಜಲಿನ ಪರೀಕ್ಷೆ ಎಂದು ಮಾರುವವರಿದ್ದಾರೆ. ಆಹಾರದ ವಿಷಯದಲ್ಲಿ ಅವನ್ನು ನಂಬುವಂತಿಲ್ಲ. ದಾರಿ ಒಂದೇ: ವೈದ್ಯರು ಹೇಳಿದ ಒಂದೇ ಆಹಾರವನ್ನು 8 ವಾರ ಕೊಡುವುದು. ಈ ವ್ರತ ಕೆಡುವುದು ಸಾಮಾನ್ಯವಾಗಿ ಊಟದ ಮೇಜಿನ ಕೆಳಗೆ. ಅಜ್ಜಿ ಪ್ರೀತಿಯಿಂದ ಜಾರಿಸುವ ಒಂದು ಚೂರು ಚಪಾತಿ ಸಾಕು, ಲೆಕ್ಕ ಮತ್ತೆ ಮೊದಲಿನಿಂದ. ಮಾತು ಬಂತೆಂದು ಹೇಳುತ್ತೇನೆ, ದ್ರಾಕ್ಷಿ ಹಾಕಿದ ಪ್ರಸಾದ ನಾಯಿಗೆ ಬೇಡ. ಒಣದ್ರಾಕ್ಷಿ ಮೂತ್ರಪಿಂಡವನ್ನೇ ಹಾಳುಮಾಡಬಹುದು. ಈರುಳ್ಳಿ, ಬೆಳ್ಳುಳ್ಳಿಯೂ ಬೇಡ.

ಕೂದಲು ಉದುರಿದ ಜಾಗ, ಹುಣ್ಣು, ಕೀವು, ಕಿವಿಯ ವಾಸನೆ, ಇವುಗಳಲ್ಲಿ ಒಂದು ಕಂಡರೂ ವೈದ್ಯರಲ್ಲಿಗೆ ಹೋಗಿ. ಎರಡು ವಾರದ ಆರೈಕೆಗೂ ತುರಿಕೆ ಬಗ್ಗದಿದ್ದರೂ ಅಷ್ಟೇ. ತುರಿಕೆ ಇಲ್ಲದೆ ಕೂದಲು ಮಂಕಾಗಿ, ನಾಯಿ ದಪ್ಪಗಾಗಿ ಸೋಮಾರಿಯಾಗಿದ್ದರೆ ಥೈರಾಯ್ಡ್ ನೋಡಿಸಬೇಕು. ಹೋಗುವ ಹಿಂದಿನ ದಿನ ಸ್ನಾನ ಮಾಡಿಸಬೇಡಿ, ಚರ್ಮ ಇದ್ದ ಹಾಗೇ ಇರಲಿ. ಅವರು ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕಜ್ಜಿ ನುಸಿ ಒಮ್ಮೊಮ್ಮೆ ಅದರಲ್ಲೂ ಸಿಗದು, ಆಗ ಅನುಮಾನದ ಮೇಲೆಯೇ ಚಿಕಿತ್ಸೆ ಶುರುಮಾಡುವುದು ವಾಡಿಕೆ. ಅಲರ್ಜಿಯಾದರೆ ದಿನದ ಮಾತ್ರೆಯೂ ಇದೆ, ತಿಂಗಳಿಗೊಮ್ಮೆ ಕೊಡುವಂಥ ಇಂಜೆಕ್ಷನ್ನೂ ಇದೆ. ತುರಿಕೆ ಎಂದಿನಿಂದ, ಯಾವ ಋತುವಿನಲ್ಲಿ ಹೆಚ್ಚು, ಏನೇನು ತಿನ್ನಿಸಿದಿರಿ, ಏನೇನು ಹಚ್ಚಿದಿರಿ ಎಂದು ಬರೆದುಕೊಂಡು ಹೋಗಿ. ಹಚ್ಚಿದ್ದನ್ನು ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ. ಮನೆಯಲ್ಲಿ ಇನ್ಯಾರಿಗಾದರೂ ತುರಿಕೆ ಇದ್ದರೆ ಅದನ್ನೂ ಹೇಳಿ. ಹಾಗೆಯೇ, ಇವತ್ತು ಚರ್ಮದ ತೊಂದರೆ ತೋರಿಸಲು ಬಂದವರು ನಮ್ಮ ಡಾಕ್ಟರಿಗೆ "ಮನೆಯಲ್ಲಿ ನಾಯಿ ಇದೆ, ಅದಕ್ಕೂ ತುರಿಕೆ" ಎಂದು ತಿಳಿಸಿ.