ದಂಡ ಕಟ್ಟಿ ಕೈತೊಳೆದುಕೊಳ್ಳುವ ಮುನ್ನ

"ಸಣ್ಣ ಕೇಸು, ಒಪ್ಕೊಂಡು ದಂಡ ಕಟ್ಬಿಡಿ." ಮ್ಯಾಜಿಸ್ಟ್ರೇಟ್ ಕೋರ್ಟಿನ ವರಾಂಡದಲ್ಲಿ ಈ ಸಲಹೆ ಧಾರಾಳವಾಗಿ ಸಿಗುತ್ತದೆ. ಒಳಗೆ ಹೆಸರು ಕೂಗುತ್ತಾರೆ, ಆರೋಪ ಓದಿ ಹೇಳುತ್ತಾರೆ, ತಪ್ಪು ಒಪ್ಪುತ್ತೀರಾ ಎನ್ನುತ್ತಾರೆ. ತಲೆಯಾಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ರಸೀದಿ ಕೈಗೆ ಬರುತ್ತದೆ. ದಂಡ ನೂರೇ ರೂಪಾಯಿ ಇರಲಿ, ಕಾನೂನಿನ ಕಣ್ಣಲ್ಲಿ ನೀವೀಗ ಅಪರಾಧಿ. ಸರ್ಕಾರಿ ನೌಕರಿಯ ದೃಢೀಕರಣ ನಮೂನೆಯಲ್ಲಿ ಅದನ್ನು ಬರೆಯಬೇಕಾಗಿ ಬಂದಾಗಲೇ ಎಷ್ಟೋ ಹುಡುಗರಿಗೆ ಇದು ಗೊತ್ತಾಗುವುದು. ತಪ್ಪೊಪ್ಪಿಕೊಂಡ ಮೇಲೆ ಮೇಲ್ಮನವಿಯ ಬಾಗಿಲೂ ಬಹುತೇಕ ಮುಚ್ಚಿದಂತೆ; ಶಿಕ್ಷೆಯ ಪ್ರಮಾಣ ಅಥವಾ ಅದರ ಕಾನೂನುಬದ್ಧತೆಯನ್ನಷ್ಟೇ ಪ್ರಶ್ನಿಸಬಹುದು.

ಹಾಗಾಗಿ ಬೇರೆ ದಾರಿಗಳು ಗೊತ್ತಿರಬೇಕು. ಬೀದಿ ಜಗಳದಲ್ಲಿ ಕೈ ಮಾಡಿ ಸಣ್ಣಪುಟ್ಟ ಗಾಯವಾದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 115(2)ರಡಿ ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಪೆಟ್ಟು ತಿಂದವರು ಮನಸ್ಸು ಮಾಡಿದರೆ ಇದು ರಾಜಿಯಾಗುವ ಕೇಸು. ರಾಜಿಯಾದರೆ ಅದು ಖುಲಾಸೆಗೆ ಸಮ. ದಂಡ ಕಟ್ಟುವುದಕ್ಕೂ ಇದಕ್ಕೂ ಅಜಗಜಾಂತರ.

ಕಳ್ಳತನದ ಕಲಂ 303(2)ರಲ್ಲಿ ಹೊಸದೊಂದು ಅವಕಾಶವಿದೆ. ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಶಿಕ್ಷೆಯಾಗುತ್ತಿದ್ದು, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಜೈಲಿನ ಬದಲು ಸಮುದಾಯ ಸೇವೆ, ಅಂದರೆ ಕೋರ್ಟು ಹೇಳಿದ ಸಾರ್ವಜನಿಕ ಕೆಲಸವನ್ನು ಸಂಬಳವಿಲ್ಲದೆ ಮಾಡುವುದು. ಕುಡಿದು ಸಾರ್ವಜನಿಕ ಸ್ಥಳದಲ್ಲಿ ರಂಪ ಮಾಡಿದವರಿಗೂ ಇದನ್ನು ವಿಧಿಸಬಹುದು. ಇಲ್ಲವಾದರೆ 24 ಗಂಟೆವರೆಗೆ ಸಾದಾ ಸಜೆ, 1,000 ರೂಪಾಯಿವರೆಗೆ ದಂಡ. ಹಳೆಯ ದಂಡ ಸಂಹಿತೆಯಲ್ಲಿ ಈ ದಂಡ ಹತ್ತೇ ರೂಪಾಯಿ ಇತ್ತು.

ನನಗೆ ಅತಿ ಮುಖ್ಯವೆನಿಸುವುದು, ಬಹಳ ಜನ ಕೇಳದೇ ಕಳೆದುಕೊಳ್ಳುವುದು, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ. ತಪ್ಪು ಸಾಬೀತಾದರೂ ಮೊದಲ ಸಲದವರನ್ನು ಎಚ್ಚರಿಕೆ ಕೊಟ್ಟೋ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಡುವ ಅಧಿಕಾರ ನ್ಯಾಯಾಧೀಶರಿಗಿದೆ. ಹಾಗೆ ಬಿಟ್ಟರೆ, ಶಿಕ್ಷೆಯಿಂದ ಬರುವ ಅನರ್ಹತೆಗಳು ಕಾಯಿದೆಯ ಕಲಂ 12ರ ಪ್ರಕಾರ ತಟ್ಟುವುದಿಲ್ಲ. ಈಗಾಗಲೇ ನೌಕರಿಯಲ್ಲಿರುವವರ ಮೇಲಿನ ಇಲಾಖಾ ಕ್ರಮಕ್ಕೆ ಮಾತ್ರ ಇದು ಅಡ್ಡಿಯಾಗದು.

ವಕೀಲರನ್ನು ಇಡಲು ದುಡ್ಡಿಲ್ಲವೆಂದು ಯಾರೂ ತಪ್ಪೊಪ್ಪಿಕೊಳ್ಳಬೇಕಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಉಳಿದ ಹಲವರಿಗೆ ಆದಾಯ ಮಿತಿಯಿದೆ. 15100ಕ್ಕೆ ಕರೆ ಮಾಡಿ, ಇಲ್ಲವೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಸರು ಕೂಗಿದ ಮೇಲೂ ತಡವಾಗಿಲ್ಲ: "ಸ್ವಾಮಿ, ವಕೀಲರನ್ನು ಕಂಡು ಉತ್ತರ ಹೇಳುತ್ತೇನೆ, ಸಮಯ ಕೊಡಿ" ಎಂದು ನ್ಯಾಯಾಧೀಶರನ್ನೇ ಕೇಳಿ.