ಸತಿಪತಿಭಾವವೂ ಮನೋವ್ಯಾಧಿಯೂ

ಶರಣಧರ್ಮವು ಸಂಸಾರವನ್ನು ತೊರೆದು ಹೋಗೆಂದು ಬೋಧಿಸಿದ ಧರ್ಮವಲ್ಲ. ಗೃಹಸ್ಥರಾಗಿದ್ದುಕೊಂಡೇ ಲಿಂಗನಿಷ್ಠೆಯನ್ನು ಸಾಧಿಸಬಹುದೆಂಬುದನ್ನು ಶರಣರು ನಡೆದು ತೋರಿದರು. ನೇಯ್ಗೆಯ ಕಾಯಕದ ಜೇಡರ ದಾಸಿಮಯ್ಯನೂ ಆತನ ಧರ್ಮಪತ್ನಿ ದುಗ್ಗಳೆಯೂ ಇದಕ್ಕೆ ನಿದರ್ಶನ. ಗಂಡಹೆಂಡಿರ ಭಕ್ತಿಯು ಒಂದಾದಲ್ಲಿ ಮಾತ್ರ ಅದು ಶಿವನಿಗೆ ಒಪ್ಪಿತವೆಂಬುದು ದಾಸಿಮಯ್ಯನ ಬೋಧೆಯ ತಾತ್ಪರ್ಯ. ಆದರೆ ಇಬ್ಬರಲ್ಲಿ ಒಬ್ಬರ ಮನಸ್ಸೇ ವ್ಯಾಧಿಗ್ರಸ್ತವಾದಾಗ ಈ ಒಂದಾಗುವಿಕೆ ಹೇಗೆ ಸಾಧ್ಯ? ಅನೇಕ ಮನೆಗಳಲ್ಲಿ ಮರೆಯಲ್ಲಿ ಕಣ್ಣೀರಾಗಿ ಉಳಿದಿರುವ ಪ್ರಶ್ನೆಯಿದು.

ಸ್ಕಿಜೋಫ್ರೇನಿಯಾ ಎಂದು ವೈದ್ಯರು ಕರೆಯುವ ವ್ಯಾಧಿಯನ್ನೇ ತೆಗೆದುಕೊಳ್ಳಬಹುದು. ಅದು ತಗುಲಿದ ಗೃಹಿಣಿಗೆ ಇತರರಿಗೆ ಕೇಳಿಸದ ದನಿಗಳು ಕೇಳಿಸಬಹುದು. ಗಂಡನೇ ಅನ್ನದಲ್ಲಿ ವಿಷವಿಕ್ಕುವನೆಂಬ ಶಂಕೆ ದೃಢವಾಗಿ ನೆಲೆಸಬಹುದು. ಇದು ಆಕೆಯ ದುರ್ಗುಣವಲ್ಲ, ಗ್ರಹಚೇಷ್ಟೆಯಲ್ಲ, ಹಿಂದಿನ ಜನ್ಮದ ದಂಡನೆಯೂ ಅಲ್ಲ. ಜ್ವರವು ದೇಹಕ್ಕೆ ಬರುವಂತೆ ಇದೂ ಬರುವುದು. ಚಿಕಿತ್ಸೆಯಿಂದ ಬಹುಮಂದಿಯಲ್ಲಿ ಹತೋಟಿಗೆ ಬರುವುದು.

ಇಲ್ಲಿ ಮೊದಲ ಸಾಧನೆ ಮಾತಿನದು. ಬಸವಣ್ಣನವರು ಮೃದುವಾದ ನುಡಿಗೆ ಜಪತಪಗಳ ಸ್ಥಾನವನ್ನೇ ಕೊಟ್ಟರು. 1950ರ ದಶಕದಿಂದ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮೊದಲಾದವರು ನಡೆಸಿದ ಅಧ್ಯಯನಗಳೂ ಇದಕ್ಕೆ ಹೊಂದುವ ಮಾತನ್ನೇ ಹೇಳಿದವು. ಎಡೆಬಿಡದ ಆಕ್ಷೇಪಣೆ, ಹಗೆತನ, ಅತಿಯಾದ ಕಾತರ ಇವು ತುಂಬಿದ ಮನೆಯಲ್ಲಿ ವ್ಯಾಧಿಯು ಮರುಕಳಿಸುವುದು ಹೆಚ್ಚೆಂದು ಅವು ತೋರಿಸಿದವು. ಆದುದರಿಂದ ರೋಗಿಯ ಶಂಕೆಯೊಡನೆ ವಾದಕ್ಕಿಳಿಯಬಾರದು. ಅದನ್ನು ನಿಜವೆಂದು ಒಪ್ಪಿ ನಟಿಸಲೂಬಾರದು. "ನಿನಗೆ ಭಯವಾಗಿದೆ, ನಾನು ಇಲ್ಲಿಯೇ ಇದ್ದೇನೆ" ಎಂಬಷ್ಟು ಮಾತು ಸಾಕು.

ಎರಡನೆಯದು ಸತ್ಯ. ಔಷಧವನ್ನು ಒಲ್ಲೆನೆಂದವಳಿಗೆ ಸಾರಿನಲ್ಲಿ ಗುಟ್ಟಾಗಿ ಬೆರೆಸಿಕೊಡುವ ಪ್ರಲೋಭನೆ ಎಂತಹ ಪತಿಗೂ ಬರುವುದು. ಆದರೆ ಗುಟ್ಟು ಬಯಲಾದ ದಿನ ಆಕೆಯ ಶಂಕೆಗೆ ಆತನೇ ಸಾಕ್ಷಿಯೊದಗಿಸಿದಂತಾಗುವುದು. ಒಂದೇ ಪಾತ್ರೆಯಿಂದ ಇಬ್ಬರಿಗೂ ಬಡಿಸಿ, ಮೊದಲ ತುತ್ತನ್ನು ತಾನುಂಡು ಪ್ರಸಾದಭಾವದಿಂದ ಆಕೆಯನ್ನು ಕರೆಯುವುದು ನಿಧಾನದ ದಾರಿ. ಆದರೂ ಅದೇ ಶರಣರ ದಾರಿ. ಔಷಧದ ತೊಡಕನ್ನು ವೈದ್ಯರ ಮುಂದೆಯೇ ಬಿಡಿಸಬೇಕು.

ಮೂರನೆಯದು ಕಾಯಕ. ಕಾಯಕವನ್ನು ಮರೆತ ಆಯ್ದಕ್ಕಿ ಮಾರಯ್ಯನನ್ನು ಎಚ್ಚರಿಸಿದವಳು, ಆತನು ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಿರುಗಿಸಲು ಹೇಳಿದವಳು ಪತ್ನಿ ಲಕ್ಕಮ್ಮ. ಸತಿಯು ಪತಿಗೆ ಗುರುವಾಗಬಲ್ಲಳೆಂಬುದನ್ನು ಈ ಕಥೆ ಸಾರುತ್ತದೆ. ವ್ಯಾಧಿ ಬಂದ ಮಾತ್ರಕ್ಕೆ ಆ ಅಧಿಕಾರ ಅಳಿಯುವುದಿಲ್ಲ. ಅಕ್ಕಿ ಆರಿಸುವ, ಹೂ ಕಟ್ಟುವ ಕೆಲಸವನ್ನು ಆಕೆಯ ಕೈಲಾದಷ್ಟು ಆಕೆಗೇ ಬಿಡಬೇಕು. ಮನೆಯ ವಿಷಯಗಳಲ್ಲಿ ಆಕೆಯ ಅಭಿಪ್ರಾಯವನ್ನು ಕೇಳಬೇಕು.

ಬಂಧುಗಳು "ಬಿಟ್ಟುಬಿಡು, ಬೇರೆ ಮದುವೆಯಾಗು" ಎನ್ನುವುದುಂಟು. ವೀರಶೈವ ಲಿಂಗಾಯತರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಮನೋವ್ಯಾಧಿಯ ನಿಮಿತ್ತ ವಿಚ್ಛೇದನಕ್ಕೆ ಎಡೆಯಿದೆ. ಆದರೆ ವ್ಯಾಧಿಯ ಹೆಸರೊಂದೇ ಸಾಲದು, ಅದರ ತೀವ್ರತೆಯನ್ನು ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 1988ರಲ್ಲಿ ಹೇಳಿತು. 1950ರ ದಶಕದಲ್ಲಿಯೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರರು ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳೊಡನೆ ಮನೆಯವರನ್ನೂ ಇರಿಸಿಕೊಂಡು ಚಿಕಿತ್ಸೆ ನಡೆಸಿದರು. ಒಡನಿರುವವರೂ ಔಷಧವೆಂಬುದಕ್ಕೆ ಇದು ಸಾಕ್ಷಿ.

ಆದರೂ ಒಡನಿರುವುದೆಂದರೆ ಎಲ್ಲವನ್ನೂ ಮೂಕವಾಗಿ ಸಹಿಸುವುದಲ್ಲ. ಆರೈಕೆ ಮಾಡುವವರ ಕಾಯವೂ ಶಿವನ ಆಲಯವೇ. ಅದಕ್ಕೂ ನಿದ್ರೆ, ವಿಶ್ರಾಂತಿ ಬೇಕು. ಸಾಯುವ ಮಾತು ಬಂದಾಗ, ಹೊಡೆತಬಡಿತಕ್ಕೆ ತಿರುಗಿದಾಗ ತಡಮಾಡದೆ ನೆರವನ್ನು ಬೇಡಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಹಾಗೂ ಜಿಲ್ಲಾ ಆಸ್ಪತ್ರೆಗಳಲ್ಲಿ ಚಿಕಿತ್ಸೆಯುಂಟು. 2022ರಲ್ಲಿ ಆರಂಭವಾದ ಟೆಲಿ ಮನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ದೂರವಾಣಿ ಮಾಡಬಹುದು. ನೆರೆಹೊರೆಯ ಭಕ್ತರು ಆ ಮನೆಗೆ ಒಂದು ಹೊತ್ತಿನ ಊಟವನ್ನೊಯ್ದು, ಒಂದು ಗಳಿಗೆ ಕುಳಿತು ಬಂದರೆ ಅದೂ ದಾಸೋಹವೇ.

ಇಬ್ಬರ ಬುದ್ಧಿಯೂ ಸಮವಾಗಿದ್ದಾಗ ಒಂದಾಗುವುದು ಸುಲಭ. ಒಬ್ಬರ ಮನಸ್ಸು ಕತ್ತಲೆಗೆ ಸರಿದಾಗ ಮತ್ತೊಬ್ಬರು ದೀಪವನ್ನು ಹಿಡಿದು ಬಾಗಿಲಲ್ಲಿ ನಿಲ್ಲುವುದೇ ಭಕ್ತಿಯ ಒರೆಗಲ್ಲು. ಆ ದೀಪಕ್ಕೆ ಎಣ್ಣೆಯೆರೆಯುವುದು ಶರಣಸಮೂಹದ ಹೊಣೆ.