ಅಟ್ಟದ ಮೇಲಿನ ಸಾಮಾನು, ಬಚ್ಚಲೊಲೆಯ ಬೆಂಕಿ



ಕಾಫಿ ಕೊಯ್ಲು ಮುಗಿದು, ಕಣದ ಹಣ್ಣು ಒಣಗಿ ಚೀಲ ಸೇರುವ ಹೊತ್ತಿಗೆ ನಮ್ಮ ಮೂಡಿಗೆರೆ, ಕಳಸ ಕಡೆಯ ಮನೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹರಿದ ಗೋಣಿ, ಹಳೆಯ ಟಾರ್ಪಾಲು, ಅಡಿಕೆ ಹಾಳೆ, ತೆಂಗಿನ ಸಿಪ್ಪೆ, ಮುರಿದ ಬುಟ್ಟಿ, ರಟ್ಟಿನ ಪೆಟ್ಟಿಗೆ ಎಲ್ಲವೂ ಅಟ್ಟ ಸೇರುತ್ತವೆ. “ಮುಂದೆ ಬೇಕಾದೀತು” ಎಂದು ಇಟ್ಟುಕೊಳ್ಳುವುದು ಒಕ್ಕಲು ಮಕ್ಕಳ ಗುಣ. ಅದನ್ನು ತಪ್ಪೆನ್ನಲು ಬಾರದು. ಎಲ್ಲಿ ಇಡುತ್ತೇವೆ ಎಂಬುದನ್ನು ಮಾತ್ರ ಸ್ವಲ್ಪ ವಿಚಾರ ಮಾಡಬೇಕಾಗಿದೆ.

ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟವಿಲ್ಲದೆ ಮಲೆನಾಡಿನಲ್ಲಿ ಬಾಳುವೆಯೇ ಇಲ್ಲ. ಸೌದೆ ಒಣಗುವುದು ಅಲ್ಲಿಯೇ. ಆದರೆ ಮಳೆ ನಿಂತ ಮೇಲೆಯೂ ಆ ಸಾಮಾನು ಅಲ್ಲಿಯೇ ಉಳಿಯುತ್ತದೆ. ಫೆಬ್ರವರಿ, ಮಾರ್ಚ್ ಬರುವಾಗ ಅದು ಗರಿಗರಿಯಾಗಿ ಒಣಗಿರುತ್ತದೆ. ಮೇಲೆ ವರ್ಷಗಳ ಇಲ್ಲಣ ಜೋತುಬಿದ್ದಿರುತ್ತದೆ. ಇಲ್ಲಣವೂ ಉರಿಯುವ ಪದಾರ್ಥವೇ. ಮಂಗಳೂರು ಹೆಂಚು ಸುಡುವುದಿಲ್ಲವೆಂದು ಕೆಲವರು ಧೈರ್ಯ ಹೇಳುತ್ತಾರೆ. ಹೆಂಚು ಸುಡುವುದಿಲ್ಲ, ನಿಜ. ಹೆಂಚನ್ನು ಹೊತ್ತಿರುವ ಪಕಾಸು, ರೀಪುಗಳು ಮರದವಲ್ಲವೇ?

ಅಡಿಗೆಯ ಒಲೆಗಿಂತ ಹೆಚ್ಚು ಭಯಪಡಬೇಕಾದದ್ದು ಬಚ್ಚಲುಮನೆಯ ಹಂಡೆಯ ಒಲೆಗೆ. ಅಡಿಗೆಯ ಒಲೆಯ ಮುಂದೆ ಯಾರಾದರೂ ಇರುತ್ತಾರೆ. ಹಂಡೆಯ ಒಲೆಗೆ ಉದ್ದನೆಯ ಕುಂಟೆ ತುರುಕಿ ಎಲ್ಲರೂ ಮಲಗಿಬಿಡುತ್ತಾರೆ. ಕುಂಟೆ ಉರಿಯುತ್ತಾ ಹೊರಕ್ಕೆ ಬಂದು ಕೆಂಡ ಬೀಳುವುದು ನಡುರಾತ್ರಿ. ಬೀಳುವುದು ಪಕ್ಕದ ಹಾಳೆ, ಸಿಪ್ಪೆಗಳ ರಾಶಿಯ ಮೇಲೆ. ಒಲೆಯ ಬಾಯಿಯಿಂದ ಎರಡು ಮಾರು ದೂರದವರೆಗೆ ಏನೂ ಇರಬಾರದು. ಆ ದಿನಕ್ಕೆ ಬೇಕಾದಷ್ಟು ಸೌದೆ ಮಾತ್ರ ಒಳಗೆ ತನ್ನಿರಿ. ಒಲೆಯ ಬೂದಿಯನ್ನು ತೋಟಕ್ಕೆಂದು ಗೋಣಿಚೀಲದಲ್ಲಿ ತುಂಬಿಡುವ ರೂಢಿಯೂ ಒಳ್ಳೆಯದಲ್ಲ. ಬೂದಿಯೊಳಗೆ ಹುದುಗಿದ ಕೆಂಡ ಮಾರನೆಯ ದಿನವೂ ಜೀವಂತವಾಗಿರಬಲ್ಲದು. ತಗಡಿನ ಡಬ್ಬಿ ಅಥವಾ ಮನೆಯಿಂದಾಚೆ ಒಂದು ಗುಂಡಿ ಸಾಕು.

ಬೆಂಕಿಯನ್ನೇ ಹಚ್ಚದೆ ಬೆಂಕಿ ಹುಟ್ಟುವ ಸಂಗತಿಯೊಂದಿದೆ. ಬೋರ್ಡೋ ದ್ರಾವಣಕ್ಕೆಂದು ತಂದ ಸುಟ್ಟ ಸುಣ್ಣ ಮಿಕ್ಕಿ ಮೂಲೆಯಲ್ಲಿ ಗೋಣಿಗಳ ನಡುವೆ ಇರುತ್ತದೆ. ಸುಣ್ಣಕ್ಕೆ ನೀರು ಬಿದ್ದರೆ ಅದು ಕುದಿಯುವುದನ್ನು ತಾವೆಲ್ಲರೂ ಕಂಡಿದ್ದೀರಿ. ಸೋರುವ ಮಾಡಿನಿಂದ ಸ್ವಲ್ಪವೇ ನೀರು ರಾಶಿಯೊಳಕ್ಕೆ ಇಳಿದರೆ, ಆ ಕಾವು ಹೊರಕ್ಕೆ ಹೋಗಲಾರದೆ ಏರುತ್ತಾ ಹೋಗಿ ಸುತ್ತಲಿನ ಗೋಣಿ, ಮರಗಳಿಗೆ ಉರಿ ಹತ್ತಿಸಬಲ್ಲದು. ಹೊರಗೆ ಜಡಿಮಳೆ, ಒಳಗೆ ಬೆಂಕಿ! ಮಿಕ್ಕ ಸುಣ್ಣವನ್ನು ಮುಚ್ಚಳವಿರುವ ಒಣ ಡಬ್ಬಿಯಲ್ಲಿ, ಉರಿಯುವ ವಸ್ತುಗಳಿಂದ ದೂರದಲ್ಲಿ ಇಡತಕ್ಕದ್ದು.

ಕಳೆ ಕೊಚ್ಚುವ ಯಂತ್ರದ ಪೆಟ್ರೋಲನ್ನು ಮನೆಯೊಳಗೆ ಇಡಲೇಬೇಡಿರಿ. ಅದರ ಆವಿ ನಮ್ಮ ಚಳಿಗಾಲದಲ್ಲೂ ಏಳುತ್ತದೆ. ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು ದೂರದ ಒಲೆಯನ್ನು ತಲುಪಿ, ಅಲ್ಲಿ ಹೊತ್ತಿ, ಡಬ್ಬಿಯವರೆಗೂ ಹಿಂದಿರುಗುತ್ತದೆ. ಅಡಿಗೆ ಅನಿಲವೂ ಹೀಗೆಯೇ ತಗ್ಗಿನಲ್ಲಿ ನಿಲ್ಲುತ್ತದೆ.

ಇನ್ನು ಹೊಗೆಯ ವಿಚಾರ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡು 9 ಮಂದಿ ತೀರಿಕೊಂಡರು. ಹೊಗೆ ತುಂಬಿದ ಮಹಡಿಗಳಲ್ಲಿ ದಾರಿ ಕಾಣದೆ ಕೆಲವರು ಕಿಟಕಿಯಿಂದ ಹಾರಿದರು. ಅದು ಪಟ್ಟಣದ ದೊಡ್ಡ ಕಟ್ಟಡ, ನಮ್ಮದು ಹೆಂಚಿನ ಮನೆ. ಆದರೆ ಹೊಗೆಯ ಕೆಲಸ ಒಂದೇ. ಇದನ್ನು ಓದಿದ ಕೂಡಲೇ ಎದ್ದು ತಮ್ಮ ಹಿತ್ತಲ ಬಾಗಿಲನ್ನೊಮ್ಮೆ ನೋಡಿರಿ. ಅದಕ್ಕೆ ಅಡ್ಡಲಾಗಿ ಕಾಫಿ ಚೀಲಗಳನ್ನು ಒಟ್ಟಿಲ್ಲವಷ್ಟೇ? ಅಜ್ಜಿ ಮಲಗುವ ಕೋಣೆಯಿಂದ ಕತ್ತಲಲ್ಲಿ ತಡವರಿಸುತ್ತಾ ಹೊರಬರಲು ದಾರಿಯಿದೆಯೇ?

ಅಗ್ನಿಶಾಮಕ ದಳದವರು ಕರೆದರೆ ಖಂಡಿತ ಹೊರಡುತ್ತಾರೆ. 112 ಅಥವಾ 101ಕ್ಕೆ ಫೋನು ಮಾಡಬೇಕು. ಆದರೆ ಘಟ್ಟದ ತಿರುವುಗಳನ್ನು ದಾಟಿ, ತೋಟದ ನಡುವಿನ ಮಣ್ಣುದಾರಿ ಹಿಡಿದು ಸಂಸೆ, ಹೊರನಾಡಿನ ಕಡೆಯ ಒಂಟಿಮನೆಯನ್ನು ಮುಟ್ಟಲು ಎಷ್ಟು ಹೊತ್ತು ಬೇಕೆಂಬುದು ತಮಗೇ ಗೊತ್ತು. ಮೊದಲ ಕೆಲವು ನಿಮಿಷಗಳು ಮನೆಯವರ ಕೈಯಲ್ಲಿಯೇ ಇರುತ್ತವೆ. ಬಚ್ಚಲಿನ ಹೊರಗೆ ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು ಸದಾ ಇರಲಿ. ಪೆಟ್ರೋಲು, ಎಣ್ಣೆ ಹೊತ್ತಿದರೆ ನೀರು ಸುರಿಯಬಾರದು. ವಿದ್ಯುತ್ ತಂತಿಯಾದರೆ ಮೊದಲು ಮೇನ್ ಸ್ವಿಚ್ ತೆಗೆಯಿರಿ. ಬೆಂಕಿ ಅಟ್ಟಕ್ಕೆ ಏರಿತೆಂದರೆ ಸಾಮಾನಿನ ಆಸೆ ಬಿಟ್ಟು ಎಲ್ಲರೂ ಹೊರಗೆ ಬರುವುದೇ ಸರಿ.

ಕೊಯ್ಲು ಮುಗಿದು ಹೂಮಳೆ ಬೀಳುವುದಕ್ಕೆ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ಅಟ್ಟವನ್ನು ಇಳಿಸಿರಿ. ಇಲ್ಲಣ ಗುಡಿಸಿರಿ. ಇಲಿ ಕಡಿದ ತಂತಿಯಿದ್ದರೆ ಆಗಲೇ ಕಣ್ಣಿಗೆ ಬೀಳುತ್ತದೆ. ಹಾಳೆ, ಸಿಪ್ಪೆಗಳು ಗೊಬ್ಬರದ ಗುಂಡಿಗೆ ಹೋಗಲಿ. ಒಳ್ಳೆಯ ಗೋಣಿಗಳನ್ನು ಬಿಸಿಲಿಗೆ ಹಾಕಿ, ಕೊಡವಿ, ಹತ್ತತ್ತರ ಕಟ್ಟು ಕಟ್ಟಿ ಒಲೆಯಿಲ್ಲದ ಕೊಟ್ಟಿಗೆಯ ಜಂತಿಯಿಂದ ಹಗ್ಗದಲ್ಲಿ ತೂಗುಹಾಕಿದರೆ ಇಲಿಯ ಕಾಟವೂ ಕಡಿಮೆ, ಮುಂದಿನ ಕೊಯ್ಲಿಗೆ ಎಣಿಸಿ ತೆಗೆದುಕೊಳ್ಳಲೂ ಸುಲಭ.